ಹತ್ತು ಎಣಿಸುವಷ್ಟು ಹೊತ್ತು

ಒಂಬತ್ತು ವರ್ಷದ ಹುಡುಗಿಯೊಬ್ಬಳು ಚರ್ಚಿನ ಹಿಂದಿನ ಮೆಟ್ಟಿಲ ಮೇಲೆ ಕೂತು, ಹತ್ತು ವರ್ಷದ ಹುಡುಗನೊಬ್ಬನಿಗೆ ಮಾತು ಕೊಟ್ಟಿದ್ದಳು. "ನಿನ್ನ ಮದುವೆ ನಾನೇ ಮಾಡಿಸ್ತೀನಿ. ಬೇರೆ ಯಾರ ಕೈಲೂ ಮಾಡಿಸ್ಕೋಬೇಡ."

ಅವತ್ತು ಹುಡುಗನ ಅಕ್ಕನ ಮದುವೆ. ಮದುವೆ ಮಾಡಿಸಿದ ಸಭಾಪಾಲಕರು ಮದುಮಗಳ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿ, ಮೂರನೆಯ ಸಲ ಅವಳ ಅತ್ತೆಯ ಹೆಸರನ್ನೇ ಕೂಗಿಬಿಟ್ಟಿದ್ದರು. ಜನ ನಕ್ಕರು. ಅಕ್ಕ ಅತ್ತಳು. ಅಕ್ಕ ಅತ್ತದ್ದಕ್ಕೆ ತಮ್ಮನೂ ಅತ್ತು, ತಾನು ಜನ್ಮದಲ್ಲಿ ಮದುವೆಯಾಗುವುದಿಲ್ಲ ಎಂದು ಶಪಥ ಮಾಡಿದ.

"ನಾನಾದ್ರೆ ಹೆಸರು ತಪ್ಪಲ್ಲ," ಎಂದಳು ಹುಡುಗಿ, ಮೂಗೊರೆಸಿಕೊಳ್ಳಲು ತನ್ನ ಫ್ರಾಕಿನ ತುದಿ ಕೊಡುತ್ತಾ.

"ನೀನೇನು ಪಾಸ್ಟರಾ?"

"ಆಗ್ತೀನಿ."

"ಸರಿ ಪಾಸ್ಟರಮ್ಮ. ಆಗೋ ತನಕ ಕಾಯ್ತೀನಿ."

ಮಕ್ಕಳ ಮಾತು ನೀರಿನ ಮೇಲಿನ ಬರಹ ಅನ್ನುತ್ತಾರೆ. ಇವರಿಬ್ಬರ ವಿಷಯದಲ್ಲಿ ಮಾತ್ರ ಆ ಗಾದೆ ಸೋತಿತು.

ಇಪ್ಪತ್ತೈದು ವರ್ಷ ಕಳೆದವು. ಅವಳು ಅಮ್ಮನ ಇಸ್ತ್ರಿ ಅಂಗಡಿಯಲ್ಲಿ ಬೆಳಗ್ಗೆ ಏಳರಿಂದ ನಾಲ್ಕರವರೆಗೆ ನಿಂತು, ಸಂಜೆ ಐದಕ್ಕೆ ದೇವಶಾಸ್ತ್ರದ ತರಗತಿಗೆ ಓಡುತ್ತಿದ್ದಳು. ಹೀಗೆ ಕಡೆಯ ಆರು ವರ್ಷ. ಮೇಜಿನ ಮೇಲೆ ನೀರಿನ ಡಬ್ಬಕ್ಕೆ ಒರಗಿಸಿಟ್ಟ ಪುಸ್ತಕದ ಅಂಚು ಎರಡು ಕಡೆ ಸುಟ್ಟಿತ್ತು. ಒಂದು ಕಾಲರಿಗೆ ಒಂದು ವಚನ, ಒಂದು ತೋಳಿಗೆ ಒಂದು ವಿಧಿ. ಅಂಗಿ ಮಡಚುವ ಹೊತ್ತಿಗೆ ಪುಟ ಬಾಯಿಗೆ ಬರುತ್ತಿತ್ತು.

ಹುಡುಗ ಈಗ ಎದುರು ಬೀದಿಯ ಬೀಗದವನು. ಕೈಯಲ್ಲಿ ಸದಾ ಹಿತ್ತಾಳೆಯ ವಾಸನೆ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ಮದುವೆ ಯಾವಾಗ ಎಂದು ಯಾರು ಕೇಳಿದರೂ ಒಂದೇ ಉತ್ತರ: "ನನ್ನ ಪಾಸ್ಟರಮ್ಮ ಇನ್ನೂ ಪರೀಕ್ಷೆ ಬರೀತಾ ಇದ್ದಾಳೆ."

ಜನ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕು ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸುತ್ತಿದ್ದಳು. ಮಾತು ಉಳಿಸಿಕೊಳ್ಳಲಿಕ್ಕೆ ಅವಳು ಓದುತ್ತಿದ್ದಳು. ಮಾತು ಉಳಿಯಬೇಕಾದರೆ ಅವನು ಅವಳ ಎದುರಿಗೆ ಇನ್ನೊಬ್ಬಳ ಪಕ್ಕ ನಿಲ್ಲಬೇಕು. ಇದು ಅವಳಿಗೆ ಹೊಳೆದದ್ದು ಐದನೆಯ ವರ್ಷ. ಅಷ್ಟು ಹೊತ್ತಿಗೆ ಹಿಂದಿರುಗುವುದಕ್ಕೆ ದಾರಿ ಇರಲಿಲ್ಲ. ಇದ್ದಿದ್ದರೂ ಅವಳು ಹಿಂದಿರುಗುವ ಪೈಕಿಯವಳಲ್ಲ.

ಬರೆಯುವ ಪರೀಕ್ಷೆಗಳೆಲ್ಲ ಮುಗಿದು ಪ್ರಾಯೋಗಿಕ ಒಂದು ಉಳಿದಿತ್ತು. ಮೂವರು ಪರೀಕ್ಷಕರ ಮುಂದೆ, ಬದಲಿ ಜೋಡಿಯೊಂದನ್ನು ನಿಲ್ಲಿಸಿ, ಇಡೀ ಮದುವೆ ನಡೆಸಿ ತೋರಿಸಬೇಕು. ಪಾಸಾದರೆ ಬಿಷಪ್ಪರಿಂದ ದೀಕ್ಷೆ, ದೀಕ್ಷೆಯ ಮೇಲೆ ಸರ್ಕಾರದ ಲೈಸೆನ್ಸು. "ಲೈಸೆನ್ಸ್ ಇಲ್ದೆ ಮಾಡಿಸಿದ ಮದುವೆ ಗುಂಡಿಯಿಲ್ಲದ ಅಂಗಿ ಇದ್ದ ಹಾಗೆ," ಎನ್ನುತ್ತಿದ್ದರು ಪಾಠ ಹೇಳುವ ಹಿರಿಯ ಸಭಾಪಾಲಕಿ. "ಹಾಕ್ಕೋಬಹುದು, ಗಾಳಿ ಬಂದಾಗ ಗೊತ್ತಾಗುತ್ತೆ."

ಬದಲಿ ವರನಾಗಿ ಬೀಗದವನು ತಾನಾಗಿಯೇ ಬಂದ. ಬದಲಿ ವಧು ಪಕ್ಕದ ಅಂಗಡಿಯ ಟೈಲರ್ ಹುಡುಗಿ. ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನಗಳಲ್ಲಿ, ನೇತುಹಾಕಿದ ಕೋಟುಗಳ ನಡುವೆ ರಿಹರ್ಸಲ್ ನಡೆಯುತ್ತಿತ್ತು.

ಪ್ರತಿಜ್ಞೆಯನ್ನು ಮದುವೆ ಮಾಡಿಸುವ ಸಭಾಪಾಲಕಿ ತುಂಡು ತುಂಡಾಗಿ ಹೇಳಿಕೊಡಬೇಕು, ವರ ಅದನ್ನೇ ತಿರುಗಿ ಹೇಳಬೇಕು.

"ಸುಖದಲ್ಲಿಯೂ ಕಷ್ಟದಲ್ಲಿಯೂ..." ಎಂದಳು ಅವಳು.

"ಸುಖದಲ್ಲಿಯೂ ಕಷ್ಟದಲ್ಲಿಯೂ..." ಎಂದ ಅವನು, ಅವಳನ್ನೇ ನೋಡುತ್ತಾ.

"ನನ್ನನ್ನಲ್ಲ. ಆ ಕಡೆ ನೋಡು."

"ಹೇಳಿಕೊಡೋರ ಬಾಯಿ ನೋಡ್ದೆ ಹೇಗೆ ಹೇಳ್ಲಿ? ತಪ್ಪಿದ್ರೆ?"

"ನಾಲ್ಕು ಪದ ನೆನಪಿರಲ್ವಾ?"

"ನಾಲ್ಕಿದ್ರೂ ಭಾರ ಇದೆ ಪಾಸ್ಟರಮ್ಮ. ನಿಧಾನಕ್ಕೆ ಹೇಳು."

ಅವಳು ನಿಧಾನಕ್ಕೆ ಹೇಳಿದಳು. ಅವನು ಅದಕ್ಕಿಂತ ನಿಧಾನಕ್ಕೆ ಹೇಳಿದ. ಟೈಲರ್ ಹುಡುಗಿ ಆಕಳಿಸಿದಳು. "ನನ್ನ ಅಂಗಡೀಲಿ ಮೂರು ಪ್ಯಾಂಟು ಕಾಯ್ತಾ ಇವೆ. ನಿಮ್ಮಿಬ್ಬರದ್ದು ಮುಗಿದ್ಮೇಲೆ ನನ್ನನ್ನ ಕರೀರಿ."

ಪ್ರತಿಜ್ಞೆಗೂ ಮುಂಚೆ ಬರುವುದು ಆಕ್ಷೇಪಣೆಯ ಪ್ರಶ್ನೆ. ಈ ಇಬ್ಬರು ಒಂದಾಗಬಾರದೆಂಬುದಕ್ಕೆ ನ್ಯಾಯವಾದ ಕಾರಣ ಬಲ್ಲವರು ಈಗಲೇ ಹೇಳಲಿ, ಎಂದು ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಅವಳ ಎಣಿಕೆ ಯಾವತ್ತೂ ನಾಲ್ಕು ದಾಟುತ್ತಿರಲಿಲ್ಲ. ಅಷ್ಟರಲ್ಲಿ ಅಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿಯುತ್ತಿದ್ದಳು. "ನಂದಿದೆ ಆಕ್ಷೇಪಣೆ! ಈ ಗಂಡು ರಿಪೇರಿ ಮಾಡಿದ ನಮ್ಮ ಹಿಂದಿನ ಬಾಗಿಲು ಇವತ್ತಿಗೂ ಒದ್ದರೇ ತೆಗೆಯೋದು!"

ಹನ್ನೊಂದು ರಿಹರ್ಸಲ್ ಹೀಗೆ ನಗುನಗುತ್ತಾ ಆದವು. ಹನ್ನೆರಡನೆಯದು ಪರೀಕ್ಷೆ.

ಪರೀಕ್ಷೆಗೆ ಟೈಲರ್ ಹುಡುಗಿ ತಾನೇ ಹೊಲಿದ ಬಿಳಿ ಗೌನು ಹಾಕಿ ಬಂದಳು. ಅವನು ಟೈ ಕಟ್ಟಿದ್ದ. ಕಿವಿಯ ಹಿಂದೆ ಪೆನ್ಸಿಲ್ ಇರಲಿಲ್ಲ. ಇಬ್ಬರೂ ಪಕ್ಕಪಕ್ಕ ನಿಂತಾಗ, ಮುಂದಿನ ಬೆಂಚಿನಲ್ಲಿದ್ದ ಪರೀಕ್ಷಕರೊಬ್ಬರು ಇನ್ನೊಬ್ಬರ ಕಿವಿಯಲ್ಲಿ "ಒಳ್ಳೇ ಜೋಡಿ" ಎಂದದ್ದು ಅವಳಿಗೆ ಕೇಳಿಸಿತು.

ಅವಳು ಪ್ರಾರ್ಥನೆ ಹೇಳಿದಳು. ಪ್ರತಿಜ್ಞೆ ಹೇಳಿಕೊಟ್ಟಳು. ಉಂಗುರ ಬದಲಾಯಿಸಿದರು. ರಿಜಿಸ್ಟರಿಗೆ ಸಹಿಯೂ ಬಿತ್ತು. ಪುಸ್ತಕ ಮುಚ್ಚಿದಾಗ, ಪರೀಕ್ಷಕರಲ್ಲೊಬ್ಬರಾಗಿ ಕೂತಿದ್ದ ಹಿರಿಯ ಸಭಾಪಾಲಕಿ ಕನ್ನಡಕ ತೆಗೆದರು.

"ಮಗಳೇ, ಆಕ್ಷೇಪಣೆ ಎಲ್ಲಿ?"

"ಯಾ... ಯಾರಿಗೆ?"

"ಯಾರಿಗಾದ್ರೂ ಇದೆಯಾ ಅಂತ ಕೇಳ್ಬೇಕಿತ್ತು. ಕೇಳ್ಲೇ ಇಲ್ಲ ನೀನು. ಅದಿಲ್ದೆ ಕಾನೂನಿನ ಪ್ರಕಾರ ಇದು ಮದುವೆನೇ ಅಲ್ಲ."

ಫೇಲು. ಮೂರು ತಿಂಗಳ ನಂತರ ಇನ್ನೊಂದೇ ಅವಕಾಶ.

ಅಂಗಡಿಗೆ ಬಂದು ಅವಳು ಒಂದೇ ಅಂಗಿಗೆ ಮೂರು ಸಲ ಇಸ್ತ್ರಿ ಹಾಕಿದಳು. ಅಮ್ಮ ಅಂಗಿ ಕಿತ್ತುಕೊಂಡಳು. "ಹನ್ನೊಂದು ಸಲ ನೆನಪಿದ್ದದ್ದು ಹನ್ನೆರಡನೇ ಸಲ ಮರೆತುಹೋಯ್ತಾ?"

"ಮರೆತೆ ಅಮ್ಮ."

"ಮರೀಲಿಲ್ಲ. ನುಂಗಿದೆ. ನಾನು ಹೆತ್ತ ತಾಯಿ ಕಣೇ, ಪರೀಕ್ಷಕಿ ಅಲ್ಲ."

ಮಾರನೆಯ ದಿನ ಬೀಗದವನು ಬಂದು ಬಾಗಿಲಲ್ಲೇ ನಿಂತ. ಒಳಗೆ ಬರುವ ಧೈರ್ಯ ಸಾಲದವನ ಹಾಗೆ ಚಿಲಕವನ್ನು ಮೇಲೆ ಕೆಳಗೆ ಆಡಿಸಿದ. "ಈ ಸಲ ಬೇರೆ ಜೋಡಿ ನೋಡ್ಕೋ. ನನ್ನ ಕಾಲ್ಗುಣ ಸರಿ ಇಲ್ಲ."

"ಅದೇ ಜೋಡಿ ಬೇಕು."

"ಯಾಕೆ ಹಟ?"

"ತೆಗೆಯೋಕಾಗದ ಬೀಗ ಬಿಟ್ಟು, ಬೇರೆ ಬೀಗ ತೆಗೆದು ತೋರಿಸಿದ್ರೆ ನೀನು ಒಪ್ತೀಯಾ?"

ಅವನು ಚಿಲಕ ಬಿಟ್ಟು ಒಳಗೆ ಒಂದು ಹೆಜ್ಜೆ ಇಟ್ಟ. ಹಬೆ ಇಬ್ಬರ ನಡುವೆ ಎದ್ದು ಕರಗಿತು. "ಒಪ್ಪಲ್ಲ," ಎಂದ.

ಮೂರು ತಿಂಗಳು ಅವಳು ಆ ಒಂದು ಪ್ರಶ್ನೆಯನ್ನು ಕನ್ನಡಿಗೆ ಕೇಳಿದಳು, ಕೋಟುಗಳಿಗೆ ಕೇಳಿದಳು, ಬಸ್ಸಿನ ಕಿಟಕಿಗೆ ಕೇಳಿದಳು. ಅಳು ಬಂದಾಗ ಅಳುತ್ತಲೇ ಕೇಳಿದಳು. ಅವನು ಯಾರ ಪಕ್ಕ ನಿಂತರೂ ಸರಿ, ತಾನು ಹತ್ತು ಎಣಿಸುವವಳು. ಆರು ವರ್ಷವನ್ನು ಒಂದು ನುಂಗಿದ ಮಾತಿಗೆ ಬಲಿಕೊಡುವವಳಲ್ಲ.

ಎರಡನೆಯ ಪರೀಕ್ಷೆ. ಅದೇ ಗೌನು, ಅದೇ ಟೈ. ಪ್ರಶ್ನೆಯ ಪುಟ ಬಂತು. ಅವಳು ಪುಸ್ತಕ ಕೆಳಗಿಳಿಸಿ, ಬಾಯಿಪಾಠವಾಗಿಯೇ ಕೇಳಿದಳು.

ಒಂದು. ಎರಡು. ಎಲ್ಲೋ ಬೆಂಚು ಕಿರುಗುಟ್ಟಿತು. ಮೂರು. ನಾಲ್ಕು. ಅಮ್ಮ ಹಿಂದಿನ ಸಾಲಿನಲ್ಲಿ ತುಟಿ ಬಿಗಿಹಿಡಿದು ಕೂತಿದ್ದಳು. ಐದು. ಆರು. ಏಳಕ್ಕೆ ಅವನು ತಲೆಯೆತ್ತಿ ಅವಳನ್ನು ನೋಡಿದ. ಬಾಗಿಲು ತಟ್ಟಿ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಕಿವಿಗೊಟ್ಟು ನಿಂತವನ ನೋಟ. ಎಂಟು. ಒಂಬತ್ತು.

ಹತ್ತು.

"ಆಕ್ಷೇಪಣೆ ಇಲ್ಲವಾದ್ದರಿಂದ," ಎಂದು ಅವಳು ಪುಟ ತಿರುವಿದಳು.

ಪಾಸು.

ದೀಕ್ಷೆಯ ನಿಲುವಂಗಿಗೆ ಅವಳೇ ಇಸ್ತ್ರಿ ಹಾಕಿಕೊಂಡಳು. ಅಮ್ಮ ಇನ್ನೊಮ್ಮೆ ಹಾಕಿದಳು. ಮಗಳ ಕೈಯಲ್ಲಿ ಒಂದಾದರೂ ಸುಕ್ಕು ಉಳಿಯುತ್ತದೆ ಎಂಬುದು ಅವಳ ನಂಬಿಕೆ. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟಾಗ, ಆ ಕೈ ಇಷ್ಟು ಭಾರವಿರುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ ಅನ್ನಿಸಿತು. ಐದು ವಾರದ ಮೇಲೆ ಅಂಚೆಯಲ್ಲಿ ಲೈಸೆನ್ಸ್ ಬಂತು. ಕಾನೂನುಬದ್ಧವಾಗಿ ಮದುವೆ ನೆರವೇರಿಸಲು ಅಧಿಕಾರವುಳ್ಳವರು, ಎಂದು ಅವಳ ಹೆಸರಿನ ಮುಂದೆ ಅಚ್ಚಾಗಿತ್ತು.

ಅವಳು ಅದನ್ನು ಹಿಡಿದು ನೇರ ಬೀಗದ ಅಂಗಡಿಗೆ ನಡೆದಳು. ಕೀಲಿ ಕೊರೆಯುವ ಯಂತ್ರ ಕಿರ್ರೆನ್ನುತ್ತಿತ್ತು. ಅವನು ನಿಲ್ಲಿಸಿ, ಕೈ ಒರೆಸಿಕೊಂಡು, ಲೈಸೆನ್ಸನ್ನು ಅಕ್ಷರ ಅಕ್ಷರವಾಗಿ ಓದಿದ. ಆಮೇಲೆ ಡ್ರಾಯರಿನಿಂದ ಒಂದು ಫಾರ್ಮು ತೆಗೆದ. ವಿವಾಹದ ಅರ್ಜಿ. ವರನ ಕಾಲಂ ತುಂಬಿತ್ತು.

"ಸರಿ ಪಾಸ್ಟರಮ್ಮ. ಮಾತು ಉಳಿಸು."

ಅವಳಿಗೆ ವಧುವಿನ ಕಾಲಂ ನೋಡುವ ಧೈರ್ಯವಾಗಲಿಲ್ಲ. ಫಾರ್ಮನ್ನು ಬೋರಲು ಹಾಕಿ ಮೇಲೆ ಕೈಯಿಟ್ಟಳು.

"ಅದಕ್ಕೆ ಮುಂಚೆ ಒಂದು ವಿಷಯ. ಆಕ್ಷೇಪಣೆ ಇದೆ."

"ಯಾರದ್ದು?"

"ನಂದು."

ಅವನು ಯಂತ್ರಕ್ಕೆ ಒರಗಿದ. ತುಟಿಯ ಒಂದು ಮೂಲೆ ಮಾತ್ರ ಮೇಲೆ ಹೋಯಿತು. "ನ್ಯಾಯವಾದ ಕಾರಣ ಬೇಕಾಗುತ್ತೆ."

"ವರನನ್ನ ಬೇರೆ ಒಬ್ಬಳು ಪ್ರೀತಿಸ್ತಾಳೆ. ಬಹಳ ವರ್ಷದಿಂದ."

"ಅದು ಕಾನೂನಲ್ಲಿ ಇಲ್ಲ."

"ಗೊತ್ತು. ಪುಸ್ತಕ ನಾನೇ ಓದಿದ್ದು. ಆದ್ರೂ ಹೇಳ್ತಿದ್ದೀನಿ."

"ಆ ದಿನ ಏಳು, ಎಂಟು, ಒಂಬತ್ತು ಅಂತ ನಾನೂ ಎಣಿಸ್ತಿದ್ದೆ," ಎಂದ ಅವನು. ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. "ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ. ನೀನು ಪುಟ ತಿರುವಿದೆ."

"ಹೇಳಿದ್ರೆ ಫೇಲಾಗ್ತಿದ್ದೆ!"

"ಅದಕ್ಕೇ ನಾನೂ ಬಾಯಿ ಬಿಡಲಿಲ್ಲ. ಓದೋಳ ತಲೆ ಕೆಡಿಸಬಾರದು ಅಂತ ಆರು ವರ್ಷ ಸುಮ್ಮನಿದ್ದೋನು ನಾನು. ಫಾರ್ಮ್ ತಿರುಗಿಸಿ ನೋಡು."

ವಧುವಿನ ಕಾಲಮ್ಮಿನಲ್ಲಿ ಪೆನ್ಸಿಲಿನಲ್ಲಿ ಅವಳ ಹೆಸರಿತ್ತು. ಒಂದಕ್ಷರ ತಪ್ಪಿರಲಿಲ್ಲ.

"ಪೆನ್ಸಿಲ್ಲಾ?" ಎಂದಳು, ಕಣ್ಣು ತುಂಬಿಕೊಂಡು.

"ಇಂಕಿನಲ್ಲಿ ಬರೆಯೋದು ನಿನಗೆ ಬಿಟ್ಟಿದ್ದು."

ಅವಳು ಅವನ ಪೆನ್ನು ತೆಗೆದುಕೊಂಡು ಬರೆದಳು. ಅರ್ಧ ಬರೆದು ನಿಂತಳು. "ಆದ್ರೆ ನಿನ್ನ ಮದುವೆ ನಾನೇ ಮಾಡಿಸ್ತೀನಿ ಅಂದಿದ್ದೆ."

ಹಟಮಾರಿ ಹೆಣ್ಣು. ಮರುದಿನವೇ ಹಿರಿಯ ಸಭಾಪಾಲಕಿಯ ಮನೆಗೆ ಹೋಗಿ ವಾದ ಹೂಡಿದಳು. ಅವರು ಚಹಾ ಹೀರುತ್ತಾ ತಲೆಯಾಡಿಸಿದರು. "ಆಗಲ್ಲ ಮಗಳೇ. ಒಂದೇ ಕೈ ವಧುವಿನ ಕಾಲಮ್ಮಲ್ಲೂ ಸಭಾಪಾಲಕಿಯ ಕಾಲಮ್ಮಲ್ಲೂ ಸಹಿ ಹಾಕೋ ಹಾಗಿಲ್ಲ. ಒಂದನ್ನ ಆರಿಸ್ಕೋ."

ಸಂಜೆ ಅವನ ಮುಂದೆ ಮುಖ ಊದಿಸಿಕೊಂಡು ಕೂತಳು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

"ಮುತ್ತಿನ ವಿಷಯ ಮದುವೆ ಆದ್ಮೇಲೆ ಮಾತಾಡೋಣ. ಮಾತನ್ನ ಮಾತ್ರ ಮುರಿ. ಕೊಟ್ಟಿದ್ದು ನನಗೆ ತಾನೆ? ಬೇಡ ಅಂತಿದ್ದೀನಿ."

ಅವಳ ಲೈಸೆನ್ಸಿನ ಮೊದಲ ಮದುವೆ ಟೈಲರ್ ಹುಡುಗಿಯದು. ಎರಡು ವರ್ಷದಿಂದ ಕಾದಿದ್ದ ಬೇಕರಿಯವನ ಪಕ್ಕ, ಅದೇ ಗೌನಿನಲ್ಲಿ, ಅವಳು ಈ ಸಲ ಒಮ್ಮೆಯೂ ಆಕಳಿಸಲಿಲ್ಲ. ಆಕ್ಷೇಪಣೆಯ ಪ್ರಶ್ನೆ ಕೇಳಿ ಹತ್ತು ಎಣಿಸುವುದು ಇಷ್ಟು ಸುಲಭ ಎಂದು ಪಾಸ್ಟರಮ್ಮನಿಗೆ ಅಂದೇ ಗೊತ್ತಾದದ್ದು.

ಮುಂದಿನ ತಿಂಗಳು ಅದೇ ಜಾಗದಲ್ಲಿ ಅವಳು ಇನ್ನೊಂದು ಕಡೆ ನಿಂತಳು. ಹಿರಿಯ ಸಭಾಪಾಲಕಿ ಪ್ರಶ್ನೆ ಕೇಳಿ ಎಣಿಸತೊಡಗಿದಾಗ, ಹಿಂದಿನ ಸಾಲಿನಲ್ಲಿ ಅಮ್ಮ ಗಂಟಲು ಸರಿಮಾಡಿಕೊಂಡಳು. ಚರ್ಚಿಗೆ ಚರ್ಚೇ ತಿರುಗಿ ನೋಡಿತು.

"ಕೆಮ್ಮು," ಎಂದಳು ಅಮ್ಮ. "ಮುಂದುವರಿಸಿ. ಹಿಂದಿನ ಬಾಗಿಲು ಮೊನ್ನೆ ಸರಿಮಾಡಿಕೊಟ್ಟ."

ಪ್ರತಿಜ್ಞೆಯ ಹೊತ್ತು ಬಂತು. ಹೇಳಿಕೊಡುತ್ತಿದ್ದವರು ಹಿರಿಯ ಸಭಾಪಾಲಕಿ. ಅವನು ನೋಡಿದ್ದು ಮಾತ್ರ ಇವಳನ್ನೇ. ಈ ಸಲ ಆ ಕಡೆ ನೋಡು ಎಂದು ಯಾರೂ ಹೇಳಲಿಲ್ಲ.

ರಿಜಿಸ್ಟರಿನಲ್ಲಿ ಅವಳು ವಧುವಿನ ಕಾಲಮ್ಮಿನಲ್ಲಿ ಸಹಿ ಹಾಕಿದಳು. ಸಭಾಪಾಲಕಿಯ ಕಾಲಮ್ಮಿನಲ್ಲಿ ಸಹಿ ಹಾಕಿದ್ದು ಬೇರೆಯವರು. ಇಪ್ಪತ್ತೈದು ವರ್ಷದ ಹಿಂದೆ ಮೆಟ್ಟಿಲ ಮೇಲೆ ಕೊಟ್ಟ ಮಾತನ್ನು ಅವಳು ಮುರಿದಳು.