ಸೊಸೆಯರ ಬೀದಿಯ ಸುಳ್ಳುಗಳು

“ಯಾರ್ರೀ ನೀವು? ಸರ್ವೆಯವರಾ, ಬ್ರೋಕರಾ?”

ಸಿನಿಮಾ ಆಗಿದ್ದರೆ ಆ ಹೊತ್ತಿಗೆ ತಂಗಾಳಿ ಬೀಸಿ ನಾಯಕಿಯ ಸೆರಗು ಹಾರಬೇಕಿತ್ತು. ಎಂಬತ್ತೈದನೇ ಇಸವಿಯ ಆ ಬೆಳಗ್ಗೆ ಹಾರಿದ್ದು ಒಂದು ಹುಂಜ, ಅದೂ ನೇರವಾಗಿ ನಾಯಕನ ಮುಖಕ್ಕೆ. ಅವನು ಲೂನಾ ಮೊಪೆಡ್ಡಿನ ಸಮೇತ ವಾಲಿ, ಹೇಗೋ ಕಾಲೂರಿ ನಿಂತ.

ಪ್ರಶ್ನೆ ಕೇಳಿದ ಜಗದಾಂಬಾ ಸೊಂಟದ ಬಿಂದಿಗೆಯನ್ನು ಇಳಿಸಲಿಲ್ಲ. ಕಣ್ಣನ್ನೂ ಇಳಿಸಲಿಲ್ಲ.

“ಮುನಿರಾಜು ಅಂತ. ಜ್ಞಾನಭಾರತೀಲಿ ಹಿಸ್ಟರಿ ಎಂ.ಎ. ಓದ್ತಾ ಇದೀನಿ. ಇದಕ್ಕೆ ಸೊಸೇರ ಬೀದಿ ಅಂತ ಯಾಕೆ ಹೆಸರು ಬಂತು ಅಂತ ಕೇಳೋಣ ಅಂತ...”

ಹೆಸರು ಕೇಳಲು ಯಾರಾದರೂ ಪೆಟ್ರೋಲು ಸುಡುತ್ತಾರಾ? ಜಗದಾಂಬಾಳಿಗೆ ಹಳೆಯದು ನೆನಪಾಯಿತು. ಅವಳು ಲಂಗ ತೊಡುತ್ತಿದ್ದ ಕಾಲದಲ್ಲಿ ಹೀಗೆಯೇ ಒಬ್ಬ ಸಾಧುಮುಖದವನು ಬಂದು, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ಇದು ಯಾರ ಹೊಲ, ಅದು ಯಾರ ತೋಟ ಎಂದು ನಯವಾಗಿ ಕೇಳಿ ಹೋಗಿದ್ದ. ಅವನ ಬೆನ್ನಿಗೇ ಅಳತೆಯ ಸರಪಳಿ ಹಿಡಿದವರು ಬಂದರು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಬಸವೇಶ್ವರನಗರದ ಕ್ರಾಸು, ಮೇನುಗಳು ಎದ್ದವು. ಹಳೇ ಊರಿನದೆಂದು ಉಳಿದದ್ದು ಈ ಒಂದು ಬೀದಿ.

ಇದನ್ನೂ ನುಂಗೋಕೆ ಬಂದಿದ್ದಾನೆ... ನಗು ನೋಡು, ಹಾಲು ಕುಡಿದ ಬೆಕ್ಕಿನ ಹಾಗೆ.

“ನಾಳೆ ಬನ್ನಿ,” ಎಂದಳು, ಬೆಣ್ಣೆಯಂಥ ದನಿಯಲ್ಲಿ. “ಊರೋರೆಲ್ಲ ಹೇಳ್ತಾರೆ.”

ಸಂಜೆಯೊಳಗೆ ಮನೆಮನೆಗೂ ಡೈಲಾಗು ಹಂಚಿಬಂದಳು. ಮರುದಿನ ಪಕ್ಕದ ಮನೆಯ ದೊಡ್ಡಣ್ಣ, ಬಾವಿಗೆ ಬಿದ್ದ ಸೊಸೆಯೊಬ್ಬಳು ದೆವ್ವವಾಗಿ ಅಲೆಯುತ್ತಾಳೆಂದ. ಗಂಗಲಕ್ಷ್ಮಮ್ಮ, ಪಾಳೇಗಾರನೊಬ್ಬ ತನ್ನ ಸೊಸೆಯರನ್ನು ಇಲ್ಲಿ ಬಚ್ಚಿಟ್ಟಿದ್ದನೆಂದಳು. ಅಜ್ಜಿ ಮುನಿತಾಯಮ್ಮ ಹೇಳಿಕೊಟ್ಟದ್ದನ್ನು ಮರೆತು ತಾನೇ ಹೊಸದೊಂದು ಕಟ್ಟಿದಳು. ಅದರಲ್ಲಿ ಆನೆಯೂ ಬಂತು.

ಮುನಿರಾಜು ಎಲ್ಲಕ್ಕೂ ತಲೆಯಾಡಿಸಿದ. ಆದರೆ ಮತ್ತೆ ಮತ್ತೆ ಬಂದ. ಅಜ್ಜಿಗೆ ಎಲೆಯಡಿಕೆ ತಂದ, ಬಾವಿಯಿಂದ ನೀರು ಸೇದಿಕೊಟ್ಟ.

ಒಳ್ಳೆಯವನ ಪಾರ್ಟು ಚೆನ್ನಾಗಿ ಮಾಡ್ತಾನೆ, ಅಂದುಕೊಂಡಳು ಜಗದಾಂಬಾ. ಆದರೆ ಅವನ ಲೂನಾ ಸದ್ದು ಕೇಳಿದರೆ ನಾನ್ಯಾಕೆ ಕನ್ನಡಿ ಮುಂದೆ ಓಡಬೇಕು...

ಒಂದು ಭಾನುವಾರ ಅವನು ಏಕಾಂತಯ್ಯನ ಜೊತೆ ಹೋಗುವುದನ್ನು ಕಂಡಳು. ಏಕಾಂತಯ್ಯ ಹೊಸ ಲೇಔಟಿನ ಸಂಘದ ಅಧ್ಯಕ್ಷ. ಅಲ್ಲಿಗೆ ಮುಗಿಯಿತು. ಕಳ್ಳ ಸಿಕ್ಕ! ಉರಿಯುವ ಕಣ್ಣುಗಳೊಂದಿಗೆ ಅವರ ಹಿಂದೆಯೇ ಹೋಗಿ ಸಂಘದ ಬಾಗಿಲಲ್ಲಿ ಕಿವಿಯಾನಿಸಿದಳು.

ಒಳಗೆ ಸಭೆ. ಬೀದಿಗೆ ಹೊಸ ಬೋರ್ಡು ಬರೆಸಬೇಕು, ಆ ಹಳ್ಳಿ ಹೆಸರು ತೆಗೆದು ನಂಬರು ಹಾಕೋಣ ಎನ್ನುತ್ತಿದ್ದ ಏಕಾಂತಯ್ಯ. ಹೆಸರಿಗೊಂದು ಮರ್ಯಾದಸ್ಥ ಮೂಲ ಇದೆ, ತೆಗೀಬೇಡಿ ಎಂದು ಇಷ್ಟು ದಿನ ತಡೆದವನು ಮುನಿರಾಜು.

“ದೆವ್ವವೋ, ಪಾಳೇಗಾರನೋ, ಆನೆಯೋ? ಒಂದು ಹೇಳಪ್ಪ,” ಎಂದ ಏಕಾಂತಯ್ಯ.

ಸಭೆ ನಕ್ಕಿತು. ಮುನಿರಾಜು ತಲೆ ತಗ್ಗಿಸಿದ. “ನಿಜ ಅಂತ ಒಂದು ಇದೆ ಸಾರ್. ನನಗಿನ್ನೂ ಯಾರೂ ಹೇಳಿಲ್ಲ.”

ಜಗದಾಂಬಾ ಬಾಗಿಲಿನಿಂದ ಕಿವಿ ತೆಗೆದಳು. ಬೀದಿಯನ್ನು ಅಳಿಸುತ್ತಿದ್ದದ್ದು ಅವನಲ್ಲ... ನಾನು!

ಅವಳು ಒಳಗೆ ನಡೆದಳು.

“ಹೊಸ ಸೊಸೆ ನಮ್ಮೂರಿಗೆ ಬಂದ ಮೊದಲ ಬೆಳಗ್ಗೆ, ಬಾವಿ ನೀರು ಹೊತ್ಕೊಂಡು ಆ ಬೀದೀಲಿ ಬರ್ತಾಳೆ. ಪ್ರತಿ ಬಾಗಿಲಿಗೂ ಒಂದು ಚೊಂಬು ನೀರು ಕೊಟ್ಟು ತನ್ನ ಹೆಸರು ಹೇಳ್ತಾಳೆ. ಆಮೇಲೆ ಯಾರೂ ಅವಳನ್ನ ಇಂಥೋನ ಹೆಂಡ್ತಿ ಅಂತ ಕರೆಯೋ ಹಾಗಿಲ್ಲ. ಹೆಸರು ಹಿಡಿದೇ ಕರೀಬೇಕು. ನಮ್ಮಜ್ಜಿ ಹಾಗೇ ಬಂದೋಳು. ಉಳಿದ ಕಥೆಯೆಲ್ಲ ನಾನು ಹೇಳಿಸಿದ್ದು. ಇವರ ಮೇಲೆ ಅನುಮಾನ ಇತ್ತು.”

ಏಕಾಂತಯ್ಯ ಇದನ್ನಾದರೂ ಹೇಗೆ ನಂಬುವುದು ಎಂದ. ಹಿಂದಿನ ಸಾಲಿನಿಂದ ಅವನ ಹೆಂಡತಿ ಎದ್ದಳು.

“ನಾನಿಲ್ಲಿಗೆ ಬಂದಾಗಿಂದ ಬರೀ ಪ್ರೆಸಿಡೆಂಟ್ ಮಿಸೆಸ್ಸು. ನನ್ನ ಹೆಸರು ಯಶೋದಮ್ಮ ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಬೋರ್ಡಲ್ಲಿ ಸೊಸೇರ ಬೀದಿ ಅಂತ್ಲೇ ಬರೆಸ್ರಿ.”

ಹೆಂಗಸರು ಒಬ್ಬೊಬ್ಬರಾಗಿ ಕೈ ಎತ್ತಿದರು. ಏಕಾಂತಯ್ಯ ಮನೆಯ ರಾತ್ರಿಯೂಟವನ್ನು ನೆನೆದು ತಾನೂ ಎತ್ತಿದ.

ಹೊರಗೆ ಮುನಿರಾಜು ಲೂನಾ ತಳ್ಳಿಕೊಂಡು ನಡೆದ. ಜಗದಾಂಬಾ ಪಕ್ಕದಲ್ಲೇ ಬಂದಳು.

“ಬೈದ್ಬಿಡಿ ಒಂದ್ಸಲ,” ಎಂದಳು. “ನಿಮ್ಮನ್ನ ಬ್ರೋಕರ್ ಅಂದ್ಕೊಂಡೆ. ಅಂದ್ಕೊಂಡೇ... ದಿನಾ ನಿಮ್ಮ ದಾರಿ ಕಾಯ್ತಿದ್ದೆ.”

“ಅದು ಗೊತ್ತು.”

“ಹೇಗ್ ಗೊತ್ತು?” ಅವಳ ಕಣ್ಣಲ್ಲಿ ಮತ್ತೆ ಅನುಮಾನ.

“ದೊಡ್ಡಣ್ಣ ಹೇಳಿದ್ರು, ಗಂಗಲಕ್ಷ್ಮಮ್ಮ ಹೇಳಿದ್ರು, ನಿಮ್ಮಜ್ಜೀನೂ ಹೇಳಿದ್ರು. ನಿಮ್ಮೂರಲ್ಲಿ ಎಲ್ಲರ ಬಾಯಲ್ಲೂ ಒಂದೇ ಥರ ಬಂದ ಕಥೆ ಇದೊಂದೇ ಕಣ್ರೀ. ಅದಕ್ಕೇ ನಂಬಿದೆ.”

ಅವಳ ಮುಖ ಕೆಂಪಾಯಿತು. “ಮೊದಲು ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?”

“ಭಯ ಇತ್ತು. ಈಗ್ಲೂ ಇದೆ.”

“ಕೇಳಿ ನೋಡಿ.”

ಅವನು ಲೂನಾಗೆ ಸ್ಟ್ಯಾಂಡು ಹಾಕಿ, ಅವಳ ಕಣ್ಣು ನೋಡಿ, ಮೆಲ್ಲಗೆ ಕೇಳಿದ: “ನನ್ನ ಮದುವೆ ಆಗ್ತೀರಾ?”

ಜಗದಾಂಬಾ ಏನೂ ಕಟ್ಟಿ ಹೇಳಲಿಲ್ಲ. “ಹೂಂ,” ಎಂದಳು.