ಮರೆವಿನ ಕಾಡಿಗೆ ಕಟ್ಟಿದ ಬುತ್ತಿ

ಬಹಳ ಬಹಳ ಹಿಂದೆ, ಮೋಡಗಳು ಅಂಗಳಕ್ಕಿಳಿದು ಮಲಗುತ್ತಿದ್ದ ನೀಲಾವತಿ ಎಂಬ ರಾಜ್ಯದಲ್ಲಿ ಪದುಮೆ ಎಂಬ ಹುಡುಗಿ ಇದ್ದಳು. ಅವಳ ಅಣ್ಣ ಕೇತಯ್ಯ ಜೇನು ತರಲು ಮರೆವಿನ ಕಾಡಿಗೆ ಹೋದವನು ತಿರುಗಿ ಬರಲಿಲ್ಲ. ಆ ಕಾಡನ್ನು ಧೂಮಾಕ್ಷನೆಂಬ ಮಾಂತ್ರಿಕ ಆಳುತ್ತಿದ್ದ. ಅಲ್ಲಿಯದು ಒಂದು ತುತ್ತು ತಿಂದರೆ ಸಾಕು, ತಿಂದವರು ಮನೆಯನ್ನು ಮರೆತು ಅಲ್ಲೇ ಉಳಿದುಬಿಡುತ್ತಿದ್ದರು.

“ನಾನು ಹೋಗಿ ಅಣ್ಣನನ್ನು ಕರೆತರುತ್ತೇನೆ, ಅವ್ವ,” ಎಂದಳು ಪದುಮೆ.

ತಾಯಿ ತಡೆಯಲಿಲ್ಲ. ಮೂರು ಖಾನೆಗಳ ಹಿತ್ತಾಳೆ ಡಬ್ಬಿ ತೆಗೆದು ಒಂದರಲ್ಲಿ ಒಗ್ಗರಣೆ ಅವಲಕ್ಕಿ, ಇನ್ನೊಂದರಲ್ಲಿ ಚಕ್ಕುಲಿ ತುಂಬಿದಳು. ಕೊನೆಯದರಲ್ಲಿ ಒಂದೇ ಒಂದು ಎಳ್ಳುಂಡೆ. ಮನೆಯಲ್ಲಿದ್ದ ಎಳ್ಳೇ ಅಷ್ಟು.

“ಹಸಿವಾದರೆ ಇದನ್ನೇ ತಿನ್ನು ಮಗಳೇ. ಕಾಡಿನದು ಏನನ್ನೂ ಬಾಯಿಗಿಡಬೇಡ.”

ಕಾಡಿನೊಳಗೆ ಗಾಳಿ ಹಾಲಿನ ಬಣ್ಣದ್ದಾಗಿತ್ತು. ನಡೆದು ನಡೆದು ಹಸಿದಾಗ, ಕೊಂಬಿನ ತುಂಬ ಹಣ್ಣು ಬಿಟ್ಟ ಜಿಂಕೆಯೊಂದು ಎದುರು ನಿಂತಿತು. “ಒಂದು ಕಿತ್ತುಕೋ ತಂಗಿ,” ಎಂದಿತು.

“ಬುತ್ತಿ ಇದೆ,” ಎಂದ ಪದುಮೆ ಅವಲಕ್ಕಿ ತಿಂದು ಮುಂದೆ ನಡೆದಳು.

ಮತ್ತೆ ನಡೆದು ನಡೆದು ಹಸಿದಾಗ, ಪಾಯಸದ ಹೊಳೆ ಅಡ್ಡ ಬಂತು. “ಒಂದು ಬೊಗಸೆ ಕುಡಿ ಮಗಳೇ,” ಎಂದು ಹೊಳೆ ಅವಳ ತಾಯಿಯ ದನಿಯಲ್ಲೇ ಕರೆಯಿತು. ಪದುಮೆಯ ಕಣ್ಣು ತುಂಬಿತು. ಅಳುತ್ತಲೇ ಚಕ್ಕುಲಿ ತಿಂದು, ತುಟಿ ಬಿಗಿದು ಹೊಳೆ ದಾಟಿದಳು.

ಮೂರನೆಯ ಬಾರಿ ಹಸಿದಾಗ ಧೂಮಾಕ್ಷನ ಅರಮನೆ ತಲುಪಿದ್ದಳು. ಕಾಣೆಯಾದ ಜನರೆಲ್ಲ ಉದ್ದನೆಯ ಪಂಕ್ತಿಯಲ್ಲಿ ಕೂತು, ನಿದ್ದೆಯಲ್ಲಿದ್ದವರಂತೆ ಉಣ್ಣುತ್ತಿದ್ದರು. ನಡುವೆ ಕೇತಯ್ಯನೂ ಇದ್ದ.

“ಅಣ್ಣಾ, ನಾನು ಪದುಮೆ.”

“ಯಾವ ಪದುಮೆ?” ಎಂದ ಅವನು.

ಧೂಮಾಕ್ಷ ಡಬ್ಬಿಯೊಳಗೆ ಇಣುಕಿ ನೋಡಿ, ಅವಳ ಮುಂದೆ ಎಲೆ ಹಾಸಿದ. “ಉಳಿದಿರುವುದು ಒಂದು ಉಂಡೆ. ಅವನಿಗೆ ಕೊಟ್ಟರೆ ನೀನು ಉಣ್ಣುವುದು ನನ್ನ ಎಲೆಯಲ್ಲೇ.”

ಪದುಮೆಗೆ ಹಸಿವು ತಡೆಯಲಾಗುತ್ತಿರಲಿಲ್ಲ. ಆದರೂ ಉಂಡೆಯನ್ನು ಅಣ್ಣನ ಬಾಯಿಗೆ ಹಿಡಿದಳು. ಅವನು ಅರ್ಧ ಕಚ್ಚಿದ. ನಿಧಾನವಾಗಿ ಅಗಿದ.

“ಅವ್ವ ಬೆಲ್ಲ ಸ್ವಲ್ಪ ಹೆಚ್ಚು ಹಾಕಿದ್ದಾಳೆ,” ಎಂದ. ಆಮೇಲೆ ತಂಗಿಯ ಮುಖ ನೋಡಿದ. “ಎಷ್ಟು ಸೊರಗಿದ್ದೀಯೇ ಪದುಮೆ. ಉಳಿದದ್ದು ನೀನು ತಿನ್ನು.”

ಹುರಿದ ಎಳ್ಳಿನ ಪರಿಮಳ ಪಂಕ್ತಿಯುದ್ದಕ್ಕೂ ಹರಿಯಿತು. “ನಮ್ಮ ಮನೆಯಲ್ಲಿ ಇದಕ್ಕೆ ಕೊಬ್ಬರಿ ಹಾಕುತ್ತಿದ್ದರು,” ಎಂದಳು ಒಬ್ಬ ಮುದುಕಿ. “ನಮ್ಮಲ್ಲಿ ಏಲಕ್ಕಿ,” ಎಂದ ಪಕ್ಕದವನು. ಒಬ್ಬೊಬ್ಬರಾಗಿ ಎಲೆ ಬಿಟ್ಟು ಎದ್ದರು. ಉಣ್ಣುವವರಿಲ್ಲದೆ ಧೂಮಾಕ್ಷ ಹೊಗೆಯಂತೆ ತೆಳುವಾಗುತ್ತಾ ಹೋಗಿ, ಕೊನೆಗೆ ಇಲ್ಲವಾದ.

ಅವರೆಲ್ಲ ಊರು ಸೇರಿದ ಸಂಜೆ ನೀಲಾವತಿಯಲ್ಲಿ ತಣ್ಣಗಿದ್ದ ಒಲೆಗಳೆಲ್ಲ ಹೊತ್ತಿಕೊಂಡವು. ಕಾದಿದ್ದವರು ಬಡಿಸಿದರು, ಬಂದವರು ಉಂಡರು. ಒಬ್ಬರ ಹೆಸರನ್ನು ಒಬ್ಬರು ಮರೆಯದೆ, ಬಹುಕಾಲ ಸುಖವಾಗಿ ಬಾಳಿದರು.