ಅವನಿಗೊಂದು ಟಿಕೆಟ್

"ಹತ್ತಿ ಮೇಡಂ! ಓ... ಮರ್ತೇ ಹೋಯ್ತು. ನೀವು ಬಿಟ್ಟಿ ಬಸ್ಸಿನ ಮಹಾರಾಣಿ ಅಲ್ವಾ!"

ಖಾಸಗಿ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕಂಡಕ್ಟರ್ ವಿವೇಕ ಕೂಗಿದ. ಬಸ್ಸಿನೊಳಗೆ ನಗು ಎದ್ದಿತು. ಮುತ್ತಿನಕೊಪ್ಪದ ಸ್ಟಾಪಿನಲ್ಲಿ ನಿಂತಿದ್ದ ನಿಶ್ಚಿತಾಳ ಮುಖ ಉರಿದುಹೋಯಿತು.

ದಿನಾ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿ ನನಗಾಗಿ ಕಾಯುತ್ತಿದ್ದವನು... ಇವನೇನಾ?

"ರೈಟ್!" ಸೀಟಿ ಊದಿದ. ಬಸ್ಸು ಹೊರಟೇಹೋಯಿತು.

ಎನ್.ಆರ್.ಪುರದ ಜವಳಿ ಅಂಗಡಿಯಲ್ಲಿ ಅವಳ ಸಂಬಳ ಅರ್ಧಕ್ಕಿಳಿದಿತ್ತು. "ಬೇಕಿದ್ರೆ ಇರು, ನಿನ್ನ ಜಾಗಕ್ಕೆ ಜನ ಇದಾರೆ" ಎಂದಿದ್ದ ಮಾಲೀಕ. ಮೊದಲು ಮಲ್ಲಿಗೆ ಬಿಟ್ಟಳು. ಆಮೇಲೆ ಮಧ್ಯಾಹ್ನದ ಚಹಾ, ಮುಖದ ಕ್ರೀಮು, ಮೊಬೈಲಿನ ಡೇಟಾ. ಕೊನೆಗೆ ಉಳಿದದ್ದು ಅವನ ಬಸ್ಸು. ಸರ್ಕಾರಿ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಬೇರೆಲ್ಲವನ್ನೂ ಸುಮ್ಮನೆ ಬಿಟ್ಟವಳು, ಇದನ್ನು ಬಿಡುವಾಗ ಮಾತ್ರ ಅತ್ತಿದ್ದಳು.

ಹಾಗೆ ಅತ್ತು ನಿರ್ಧರಿಸಿದ ದಿನದ ಸಂಜೆಯೇ ವಿವೇಕ ಅವಳಿಗೆ, "ನಾಳೆ ಒಂದು ಮಾತು ಹೇಳ್ಬೇಕು" ಎಂದಿದ್ದ. ಮರುದಿನದಿಂದ ಅವಳು ಹತ್ತಲೇ ಇಲ್ಲ! ಕೇಳುವ ಮೊದಲೇ ಬೇಡ ಅಂದಳು ಎಂದುಕೊಂಡ ಅವನು. ಬಡತನ ಹೇಳಿಕೊಳ್ಳಲು ಅವಳಿಗೆ ನಾಚಿಕೆ.

ಅವನ ಕುಹಕ ದಿನಾ ನಡೆಯಿತು. ಒಂದು ದಿನ ಬಸ್ಸೇ ಬರಲಿಲ್ಲ.

"ಅದಿನ್ನು ಬರಲ್ಲ ಮಾರಾಯ್ತಿ," ಪಕ್ಕದ ಮನೆಯ ಸುಲೋಚನಮ್ಮ ಅಂದರು. "ಹೆಂಗಸರೆಲ್ಲ ಕೆಂಪು ಬಸ್ಸು ಹತ್ತಿದ್ರೆ ಅವರು ಯಾರನ್ನ ಕೂರಿಸ್ಕೊಳ್ತಾರೆ? ಟ್ರಿಪ್ಪೇ ನಿಲ್ಸಿದ್ರಂತೆ. ಆ ಹುಡುಗನ ಕೆಲಸನೂ ಹೋಯ್ತು."

ನಿಶ್ಚಿತಾ ಖಾಲಿ ರಸ್ತೆಯತ್ತ ನೋಡಿದಳು. ನಾನು ಉಳಿಸಿದ ದುಡ್ಡು... ಅವನ ಅನ್ನವಾ?

ಆದರೂ ಒಳಗೆಲ್ಲೋ ಒಂದು ಕೆಟ್ಟ ಖುಷಿ. ಅನುಭವಿಸಲಿ!

ಮುಂದಿನ ತಿಂಗಳು ಒಂದು ಸಂಜೆ ಎನ್.ಆರ್.ಪುರದಲ್ಲಿ ನಿಶ್ಚಿತಾ ಕೂತಿದ್ದ ಕೆಂಪು ಬಸ್ಸು ಹತ್ತಿದವನು ವಿವೇಕ. ಅಂಗಿಯ ತುಂಬ ಸಿಮೆಂಟಿನ ಧೂಳು. ಕಂಡಕ್ಟರ್ ಕೈಚಾಚಿದಾಗ ಜೇಬು ತಡಕಿದ.

"ಕೂಲಿ ನಾಳೆ ಕೊಡ್ತಾರೆ ಸಾರ್..."

"ಕಂಡಕ್ಟರ್ ಆಗಿದ್ದವನು ನೀನೇ ಹೀಗಂದ್ರೆ ಹ್ಯಾಗೆ ಮಾರಾಯ? ಇಳಿ."

ನಿಶ್ಚಿತಾಳ ನಾಲಿಗೆ ತಡೆಯಲಿಲ್ಲ. "ಎಂತ, ಮಹಾರಾಜರು ಬಿಟ್ಟಿ ಬಸ್ಸಿಗೆ ಬಂದ್ರಾ?"

ಅವತ್ತಿನ ಹಾಗೆಯೇ ಬಸ್ಸು ನಕ್ಕಿತು. ಅವನು ತಲೆ ಎತ್ತಲಿಲ್ಲ. ಬಾಗಿಲ ಕಡೆ ನಡೆದ.

ಆ ನಗು ಅವಳಿಗೇ ಚುಚ್ಚಿತು. ಇವನಿಗಿಂತ ನಾನೇನು ಮೇಲು?

"ಸಾರ್! ಅವರಿಗೊಂದು ಮುತ್ತಿನಕೊಪ್ಪ ಕೊಡಿ." ಚಹಾ ಕುಡಿಯದೆ ಉಳಿಸಿದ ನೋಟು ಚಾಚಿದಳು.

"ನಿಮ್ಮ ದುಡ್ಡು ಬೇಡ," ಬಾಗಿಲ ಬಳಿಯೇ ನಿಂತು ವಿವೇಕ ಅಂದ.

"ನಂಗೆ ಸಂಬಳ ಅರ್ಧ ಆಯ್ತು ವಿವೇಕ್. ಅದಕ್ಕೇ ನಿಮ್ಮ ಬಸ್ಸು ಬಿಟ್ಟೆ... ನಿಮ್ಮನ್ನಲ್ಲ."

ಅವನ ಮುಖ ಬಿಳಿಚಿಕೊಂಡಿತು. "ಹೇಳಬಾರ್ದಿತ್ತಾ?"

"ಊರೆಲ್ಲ ನಗಿಸಿದವರ ಹತ್ರಾನಾ?"

"ತಪ್ಪಾಯ್ತು..."

"ನಂದೂ."

ಪಕ್ಕದ ಸೀಟಿನಿಂದ ಬ್ಯಾಗು ತೆಗೆದಳು. ಅವನು ಅಂಚಿನಲ್ಲಿ ಕೂತ.

"ಅವತ್ತು ಹೇಳ್ಬೇಕು ಅಂದಿದ್ದ ಮಾತು?"

"ಈಗ ನೆಟ್ಟಗೊಂದು ಕೆಲಸ ಇಲ್ಲ ನಂಗೆ."

"ಕೆಲಸ ಕೇಳಿದ್ನಾ ನಾನು?"

ಅವನು ತುಟಿಯಲ್ಲೇ ಏನೋ ಗೊಣಗಿದ.

"ಜೋರಾಗಿ ಹೇಳಿ. ಹಂಗಿಸುವಾಗ ಇಡೀ ಬಸ್ಸಿಗೆ ಕೇಳಿಸ್ತಿತ್ತಲ್ಲ!"

ವಿವೇಕ ಎದ್ದು ನಿಂತ. ಕಂಬಿ ಹಿಡಿದ. ಹಳೆಯ ಗಂಟಲು ಮತ್ತೆ ಬಂತು.

"ನಿಶ್ಚಿತಾ ಅಂದ್ರೆ ನಂಗೆ ಇಷ್ಟ!"

ಈ ಸಲ ಯಾರೂ ನಗಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು..." ಅವಳು ಕಣ್ಣೊರೆಸಿಕೊಂಡಳು. "ಕೂತ್ಕೊಳ್ಳಿ ಈಗ."